ಸಮಾಜಶಾಸ್ತ್ರ ಓದಿದ ಮಕ್ಕಳಿಗೆ ಮುಂದೇನು?

(ತ್ಯಾವಣಿಗೆಯಲ್ಲಿ ನಡೆದ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ವಿದ್ಯಾರ್ಥಿವೇತನದ ಅರ್ಜಿ ನೋಡಲು ಕೂತಾಗಲೆಲ್ಲ ಒಂದು ಮಾತು ಬರುತ್ತದೆ. ಇಂಜಿನಿಯರಿಂಗ್, ನರ್ಸಿಂಗ್, ಡಿಪ್ಲೊಮಾ ಅರ್ಜಿಗಳಿಗೆ ಯಾರೂ ಪ್ರಶ್ನೆ ಎತ್ತುವುದಿಲ್ಲ. ಬಿಎ, ಸಮಾಜಶಾಸ್ತ್ರ ಎಂದು ಬರೆದ ಅರ್ಜಿ ಕೈಗೆ ಬಂದರೆ ಮಾತ್ರ, 'ಇದನ್ನು ಓದಿ ಏನು ಮಾಡ್ತಾಳೆ?' ಎಂದು ಕೇಳುತ್ತೇವೆ. ನಾವೂ ಹಾಗೆ ಕೇಳಿದವರೇ. ಆ ಪ್ರಶ್ನೆಗೆ ಇವತ್ತು ಉತ್ತರ ಹೇಳಬೇಕೆಂದಿದ್ದೇವೆ.

2001ರ ಫೆಬ್ರವರಿಯಲ್ಲಿ ಎಲ್ಲ ಶಿಕ್ಷಕರಂತೆ ನಮಗೂ ಜನಗಣತಿ ಕೆಲಸ ಬಿತ್ತು. ಮನೆಮನೆಗೆ ಹೋಗಿ, 'ಏನು ಕೆಲಸ ಮಾಡ್ತೀರಮ್ಮ?' ಎಂದು ಹೆಂಗಸರನ್ನು ಕೇಳಿದೆವು. ಬಾಗಿಲ ಪರದೆಯ ಹಿಂದಿನಿಂದ ಒಂದೇ ಉತ್ತರ: 'ಏನಿಲ್ಲ ಸಾರ್, ಮನೇಲೇ ಇರ್ತೀವಿ.' ಹಾಗೇ ಬರೆದುಕೊಂಡು ಮುಂದಿನ ಮನೆಗೆ ಹೋದೆವು. ಸಂಜೆ ಮನೆಯಲ್ಲಿ ಈ ಮಾತು ಬಂದಾಗ ಬಿಎಯಲ್ಲಿ ಸಮಾಜಶಾಸ್ತ್ರ ಓದುತ್ತಿದ್ದ ನಮ್ಮ ತಂಗಿಯ ಮಗಳು, 'ಮಾಮೂ, ಸುಗ್ಗಿಯಲ್ಲಿ ಅಡಿಕೆ ಸುಲಿಯೋಕೆ ಹೋಗ್ತೀರಾ ಅಂತ ಕೇಳಿದ್ರಾ?' ಎಂದಳು. ನಾವು ಕೇಳಿರಲಿಲ್ಲ.

ಮರುದಿನ ಅದೇ ಮನೆಗಳಿಗೆ ಹೋಗಿ ಹಾಗೆ ಕೇಳಿದೆವು. ಬೆಳಗಿನ ಜಾವ ಎದ್ದು ಹೋಗುವುದು, ಕತ್ತಲಾಗುವ ತನಕ ಸುಲಿಯುವುದು, ಸುಲಿದಷ್ಟಕ್ಕೆ ಕೂಲಿ, ಆ ಕೂಲಿಯಿಂದ ಮಕ್ಕಳ ಫೀಸು, ಎಲ್ಲ ಒಂದೊಂದಾಗಿ ಹೊರಗೆ ಬಂತು. ವರ್ಷದಲ್ಲಿ ಆರು ತಿಂಗಳಿಗಿಂತ ಕಡಿಮೆ ದುಡಿಯುವವರನ್ನೂ ದುಡಿಯುವವರೆಂದೇ ಬರೆಯಲು ಆ ಗಣತಿಯಲ್ಲಿ ಪ್ರತ್ಯೇಕ ವರ್ಗವಿತ್ತು. ನಾವು ಸರಿಯಾಗಿ ಕೇಳದಿದ್ದರೆ ಆ ಹೆಂಗಸರ ದುಡಿಮೆ ಸರ್ಕಾರದ ಲೆಕ್ಕಕ್ಕೇ ಬರುತ್ತಿರಲಿಲ್ಲ. ಬಿಎಡ್ ಮಾಡಿದ ನಮಗೆ ಹೊಳೆಯದ ಪ್ರಶ್ನೆ ಆ ಹುಡುಗಿಗೆ ಹೊಳೆಯಿತು. ಸಮಾಜಶಾಸ್ತ್ರ ಕಲಿಸುವುದು ಇದನ್ನೇ.

ಇದು ನಮಗೆ ಹೊರಗಿನ ವಿದ್ಯೆಯೂ ಅಲ್ಲ. 1332ರಲ್ಲಿ ಟ್ಯೂನಿಸ್‌ನಲ್ಲಿ ಹುಟ್ಟಿದ ಇಬ್ನ್ ಖಲ್ದೂನ್ ರಾಜ್ಯಗಳು ಏಕೆ ಏಳುತ್ತವೆ, ಏಕೆ ಬೀಳುತ್ತವೆ ಎಂಬುದಕ್ಕೆ ಜನರ ಒಗ್ಗಟ್ಟಿನಲ್ಲಿ ಕಾರಣ ಹುಡುಕಿದರು. ಅವರ 'ಮುಖದ್ದಿಮಾ' ಗ್ರಂಥವನ್ನು ಇವತ್ತಿಗೂ ಸಮಾಜಶಾಸ್ತ್ರದ ವಿದ್ವಾಂಸರು ಓದುತ್ತಾರೆ. ನಮ್ಮ ನಾಡಿನಲ್ಲಿ ಮೈಸೂರಿನ ಎಂ.ಎನ್. ಶ್ರೀನಿವಾಸ್ ಅವರು 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಹೋಗಿ ನೆಲೆಸಿದರು. ಒಕ್ಕಲಿಗರು, ಕುರುಬರು, ಮುಸ್ಲಿಮರು, ದಲಿತರು ಒಂದೇ ಊರಲ್ಲಿ ಹೇಗೆ ಬಾಳುತ್ತಾರೆಂದು ನೋಡಿ ಬರೆದುಕೊಂಡರು. 1970ರಲ್ಲಿ ಅಮೆರಿಕದಲ್ಲಿದ್ದಾಗ ಬೆಂಕಿ ಬಿದ್ದು ಅವರ ಬರಹಗಳು ಸುಟ್ಟುಹೋದವು. ಅವರು ಕೈಚೆಲ್ಲಲಿಲ್ಲ. ನೆನಪಿನಿಂದ ಬರೆದು 1976ರಲ್ಲಿ ಪುಸ್ತಕ ತಂದರು. ಒಂದು ಹಳ್ಳಿಯನ್ನು ನೋಡಿ ಬರೆದ ಆ ಪುಸ್ತಕ ಜಗತ್ತಿನ ವಿಶ್ವವಿದ್ಯಾಲಯಗಳನ್ನು ತಲುಪಿತು. ನಮ್ಮ ತ್ಯಾವಣಿಗೆಯೂ ಒಂದು ಹಳ್ಳಿಯೇ ಅಲ್ಲವೇ?

2005ರಲ್ಲಿ ನೇಮಕವಾದ ಸಾಚಾರ್ ಸಮಿತಿಯ ಹೆಸರು ಇಲ್ಲಿ ಎಲ್ಲರಿಗೂ ಗೊತ್ತು. ಅದರ ಸದಸ್ಯರಲ್ಲಿ ಒಬ್ಬರು ಸಮಾಜಶಾಸ್ತ್ರಜ್ಞ ಟಿ.ಕೆ. ಊಮ್ಮನ್. 2001ರ ಗಣತಿಯಂತೆ ಮುಸ್ಲಿಮರ ಸಾಕ್ಷರತೆ ಶೇ. 59.1, ದೇಶದ ಸರಾಸರಿ ಸುಮಾರು ಶೇ. 65 ಎಂಬುದನ್ನು ಆ ಸಮಿತಿ 2006ರ ವರದಿಯಲ್ಲಿ ದೇಶದ ಮುಂದಿಟ್ಟಿತು. ನಾವು ಹಿಂದುಳಿದಿದ್ದೇವೆ ಎಂದು ಎಷ್ಟು ಸಭೆಗಳಲ್ಲಿ ಹೇಳಿದರೂ ಅದು ಗೋಳಾಗಿಯೇ ಉಳಿಯುತ್ತದೆ. ಲೆಕ್ಕವಿಟ್ಟು ಹೇಳಿದಾಗ ಅದು ದಾಖಲೆಯಾಗುತ್ತದೆ.

ಇನ್ನು ಕೆಲಸದ ಮಾತು. ಬರೀ ಬಿಎ ನಂಬಿ ಕೂತರೆ ಆಗದು, ಇದನ್ನು ಮುಚ್ಚಿಡುವುದಿಲ್ಲ. ಮುಂದಿನ ದಾರಿಗಳನ್ನು ಈಗಲೇ ತಿಳಿದಿರಿ.

ಮೊದಲನೆಯದು ಬೋಧನೆ. ಪಿಯು ಕಾಲೇಜಿನ ಉಪನ್ಯಾಸಕರಾಗಲು ಎಂಎ ಜೊತೆಗೆ ಬಿಎಡ್ ಬೇಕು. ಪದವಿ ಕಾಲೇಜಿಗೆ ಎಂಎ ಜೊತೆಗೆ ನೆಟ್ ಅಥವಾ ಕೆ-ಸೆಟ್ ಪಾಸಾಗಬೇಕು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಎಂಎ ಇದೆ. ಮನೆಬಿಟ್ಟು ಹೋಗಲಾಗದವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಿದೆ. ಹೈಸ್ಕೂಲ್ ಶಿಕ್ಷಕರಾಗುವ ಆಸೆ ಇದ್ದರೆ ನೇಮಕಾತಿ ನಿಯಮದಲ್ಲಿ ಯಾವ ವಿಷಯಗಳನ್ನು ಕೇಳಿದ್ದಾರೆಂದು ನೋಡಿ, ಬಿಎ ಸೇರುವ ದಿನವೇ ಜೊತೆ ವಿಷಯಗಳನ್ನು ಆರಿಸಿ. ಆಮೇಲೆ ಪರದಾಡಿದವರನ್ನು ನಾವು ಕಂಡಿದ್ದೇವೆ.

ಎರಡನೆಯದು ಸರ್ಕಾರಿ ಸೇವೆ. ಪಿಡಿಒ, ಎಫ್‌ಡಿಎ ಮುಂತಾದ ಪದವಿ ಕೇಳುವ ಹುದ್ದೆಗಳಿಗೆ ಬಿಎ ಸಾಕು. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಸಮಾಜಶಾಸ್ತ್ರವನ್ನು ಐಚ್ಛಿಕವಾಗಿ ತೆಗೆದುಕೊಳ್ಳಬಹುದು. ಎರಡು ಪತ್ರಿಕೆ, ಒಟ್ಟು 500 ಅಂಕ.

ಮೂರನೆಯದು ಸಮಾಜಕಾರ್ಯ. ಬಿಎ ಆದಮೇಲೆ ಎಂಎಸ್‌ಡಬ್ಲ್ಯು ಮಾಡಿದರೆ ಆಸ್ಪತ್ರೆ, ಮಕ್ಕಳ ರಕ್ಷಣೆ, ಸ್ವಯಂಸೇವಾ ಸಂಸ್ಥೆಗಳಲ್ಲಿ ಅವಕಾಶವಿದೆ. 500 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಕಲ್ಯಾಣಾಧಿಕಾರಿ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಸಮೀಕ್ಷೆ, ಸಂಶೋಧನೆಯ ಕೆಲಸವೂ ಇದೆ. ಅದಕ್ಕೆ ಕಂಪ್ಯೂಟರ್, ಸ್ವಲ್ಪ ಅಂಕಿಅಂಶ, ಓದಿ ಬರೆಯುವಷ್ಟು ಇಂಗ್ಲಿಷ್ ಕಲಿತಿರಬೇಕು. ಪರದೆಯ ಹಿಂದಿನ ಹೆಂಗಸರ ಜೊತೆ ಉರ್ದುವಿನಲ್ಲೂ ಕನ್ನಡದಲ್ಲೂ ಮಾತಾಡಬಲ್ಲ ಹೆಣ್ಣುಮಗಳು ಈ ಕೆಲಸಕ್ಕೆ ಎಷ್ಟು ಬೆಲೆಬಾಳುತ್ತಾಳೆ, ನೀವೇ ಯೋಚಿಸಿ.

ದಾನಿಗಳಿಗೆ ಒಂದು ಮಾತು. ಅಲ್ಪಸಂಖ್ಯಾತ ಸಂಶೋಧನಾ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು ನಿಲ್ಲಿಸಿರುವುದಾಗಿ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಸಂಸತ್ತಿಗೆ ತಿಳಿಸಿತು. ಎಂಎ ನಂತರ ಮುಂದೆ ಓದುವ ಮಕ್ಕಳಿಗಿದ್ದ ಒಂದು ಆಸರೆ ಹೋಯಿತು. ಬಿಎ ಫೀಸು ದೊಡ್ಡದಲ್ಲ. ಮಕ್ಕಳು ಓದು ಬಿಡುವುದು ಬಸ್ಸಿಗೆ, ಹಾಸ್ಟೆಲಿಗೆ, ಪುಸ್ತಕಕ್ಕೆ, ಪರೀಕ್ಷೆಯ ಅರ್ಜಿಗೆ ಹಣವಿಲ್ಲದೆ. ಈ ವರ್ಷದಿಂದ ಕಲಾ ವಿಭಾಗದ ಮಕ್ಕಳಿಗೂ ಒಂದು ಪಾಲು ತೆಗೆದಿಡಿ, ಎಂಎ ಮುಗಿಯುವ ತನಕ ಕೈ ಬಿಡಬೇಡಿ ಎಂದು ಕೇಳಿಕೊಳ್ಳುತ್ತೇವೆ.

ನಮ್ಮ ತಂಗಿಯ ಮಗಳ ಮಾತು ಅರ್ಧಕ್ಕೆ ನಿಂತಿದೆ. ಬಿಎ ಆದಮೇಲೆ ಅವಳು ಶಂಕರಘಟ್ಟಕ್ಕೆ ಹೋಗಿ ಎಂಎ ಓದುತ್ತೇನೆ ಎಂದಳು. 'ಅದನ್ನು ಓದಿ ಏನು ಮಾಡ್ತೀಯಮ್ಮ?' ಎಂದು ಕೇಳಿದವರು ಅವಳ ಅಪ್ಪನಲ್ಲ, ಮೇಷ್ಟ್ರಾಗಿದ್ದ ನಾವು. ಮನೆಯವರು ನಮ್ಮ ಮಾತಿಗೆ ಬೆಲೆ ಕೊಟ್ಟರು. ಅವಳ ಓದು ಅಲ್ಲಿಗೇ ನಿಂತಿತು. ಅವಳು ನಮ್ಮನ್ನು ಎಂದೂ ದೂರಲಿಲ್ಲ, ಅದೇ ನಮಗೆ ಹೆಚ್ಚು ನೋವು. ತಂದೆ ತಾಯಂದಿರೇ, ನಿಮ್ಮ ಮಗಳು ಈ ವಿಷಯ ಓದುತ್ತೇನೆಂದರೆ ನಾವು ಮಾಡಿದ ತಪ್ಪು ಮಾಡಬೇಡಿ. ಏನು ಮಾಡಬಹುದೆಂದು ಈಗ ಕೇಳಿದ್ದೀರಿ. ಅರ್ಜಿ ತುಂಬಲು, ಕಾಲೇಜು ಆರಿಸಲು ನಮ್ಮ ಸಹಾಯ ಬೇಕಾದರೆ ಯಾವಾಗ ಬೇಕಾದರೂ ಬನ್ನಿ.

ನಿಮ್ಮ ದಾನವನ್ನು ಅಲ್ಲಾಹನು ಸ್ವೀಕರಿಸಲಿ.