ಮನೆತನದ ಕೋವಿ
(ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಪಿತ್ರಾರ್ಜಿತವೆಂದೊಡನೆ ಗದ್ದೆ, ತೋಟ, ಒಡವೆಗಳು ನೆನಪಾಗುವುವು. ನಮ್ಮ ಕಾಸರಗೋಡಿನ ಕೆಲವು ಹಳೆಯ ಕೃಷಿಕ ಮನೆಗಳಲ್ಲಿ ಇವುಗಳೊಡನೆ ಇನ್ನೊಂದು ವಸ್ತುವೂ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿದೆ. ಅದೇ ಕೋವಿ. ಬೆಳೆಯ ಕಾವಲಿಗೆ ಅದು ಬೇಕಾಗಿದ್ದಿತು.

ಕೇಪಿನ ಕೋವಿಯನ್ನು ಬಲ್ಲ ಹಿರಿಯರು ಈ ಸಭೆಯಲ್ಲಿರಬಹುದು. ನಳಿಗೆಯ ಬಾಯಿಯಿಂದ ಮದ್ದನ್ನೂ ಚರೆಯನ್ನೂ ತುಂಬಿ ಜಡಿಯಬೇಕು. ಕೇಪನ್ನಿಟ್ಟು ಗುರಿ ಹಿಡಿಯಬೇಕು. ಒಂದು ಈಡು ತಪ್ಪಿದರೆ ಇನ್ನೊಂದಕ್ಕೆ ಹೊತ್ತು ಹಿಡಿಯುವುದು. ಆದುದರಿಂದ ಅದನ್ನು ಹಿಡಿದವನಿಗೆ ಕೈಯ ಬಲಕ್ಕಿಂತ ಮನಸ್ಸಿನ ನಿಗ್ರಹ ಮುಖ್ಯವಾಗಿದ್ದಿತು.

ನೆರೆಯ ಕೊಡಗಿನ ಪದ್ಧತಿ ಬೇರೆ. 1861ರಲ್ಲಿ ಮಾರ್ಕ್ ಕಬ್ಬನ್ನನು ಕೊಡವರಿಗೆ ನೀಡಿದ ವಿನಾಯಿತಿ 1963ರ ಅಧಿಸೂಚನೆಯಿಂದ ಮುಂದುವರಿದು, 2019ರಲ್ಲಿ ಮತ್ತೆ 2029ರವರೆಗೆ ವಿಸ್ತರಿಸಲ್ಪಟ್ಟಿದೆ. ಅಲ್ಲಿ ಕೈಲ್‌ಪೊಳ್ದಿನಂದು ಕೋವಿಗೆ ಹೂ ಮುಡಿಸುವರು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮರಣವಾದರೆ ಎರಡು ಗುಂಡು ಹಾರಿಸುವರು.

ನಮಗೆ ಅಂತಹ ವಿನಾಯಿತಿಯಿಲ್ಲ. ಪರವಾನಿಗೆ ಬೇಕೇ ಬೇಕು. ಅದರಲ್ಲಿಯೂ ನಮ್ಮ ನಾಡಿನ ಚರಿತ್ರೆ ಅಡಗಿದೆ. ಮನೆ ಒಂದೇ, ಕೋವಿ ಒಂದೇ. ಆದರೆ 1956ರವರೆಗೆ ಅದರ ಜಿಲ್ಲಾ ಕಚೇರಿ ಮಂಗಳೂರು, 1957ರಿಂದ ಕಣ್ಣೂರು, 1984ರಿಂದ ಕಾಸರಗೋಡು. ಗೋಡೆಯ ಮೇಲಿನ ಕೋವಿ ಕದಲಲಿಲ್ಲ, ಗಡಿ ಕದಲಿತು.

ತೋಟ ಬರುವಂತೆ ಕೋವಿಯು ಮಗನಿಗೆ ತಾನಾಗಿ ಬರುವುದಿಲ್ಲ. ಪರವಾನಿಗೆಯುಳ್ಳವರು ತೀರಿಕೊಂಡರೆ ವಾರಸುದಾರನು ಹೊಸ ಪರವಾನಿಗೆ ಪಡೆಯಬೇಕು. ಯಜಮಾನರಿಗೆ 70 ವರ್ಷ ತುಂಬಿದಾಗ, ಇಲ್ಲವೇ ಕೋವಿಯನ್ನಿಟ್ಟುಕೊಂಡು 25 ವರ್ಷವಾದಾಗ, ಅವರು ಜೀವಿಸಿರುವಾಗಲೇ ವಾರಸುದಾರನಿಗೆ ಪರವಾನಿಗೆ ಕೊಡಲು 2016ರ ನಿಯಮಗಳು ಅವಕಾಶವಿತ್ತಿವೆ. 2019ರ ತಿದ್ದುಪಡಿಯಂತೆ, ಹಿರಿಯರಿಂದ ಬಂದವೂ ಸೇರಿ, ಒಬ್ಬನಿಗೆ ಎರಡೇ ಕೋವಿಗಳು.

ಮಕ್ಕಳು ದೂರದ ಊರಿನಲ್ಲಿ, ತಂದೆ ಹಾಸಿಗೆಯಲ್ಲಿ, ಪರವಾನಿಗೆಯ ಪುಸ್ತಕ ಪೆಟ್ಟಿಗೆಯ ತಳದಲ್ಲಿ — ಇಂತಹ ಮನೆಗಳನ್ನು ನಾವು ಬಲ್ಲೆವು. ಹಿರಿಯರು ಕಣ್ಮುಚ್ಚಿದ ಬಳಿಕ, ನಿನ್ನೆಯವರೆಗೆ ಗೌರವದ ವಸ್ತುವಾಗಿದ್ದುದು ಇಂದು ಭಯದ ವಸ್ತುವಾಗುವುದು. ಅತ್ತ ಕಾಡುಹಂದಿಯ ಹಾವಳಿ ನಿಂತಿಲ್ಲ. ಅಪಾಯಕಾರಿಯಾದ ಹಂದಿಗಳನ್ನು ಪರವಾನಿಗೆಯ ಕೋವಿಯುಳ್ಳವರಿಂದ ಕೊಲ್ಲಿಸುವ ಅಧಿಕಾರವನ್ನು ಕೇರಳ ಸರಕಾರವು 2022ರಲ್ಲಿ ಪಂಚಾಯತು ಅಧ್ಯಕ್ಷರಿಗೆ ವಹಿಸಿತು. ಅಪ್ಪಣೆಯಿದ್ದೂ ಕೋವಿಯವರಿಲ್ಲದಿದ್ದರೆ ಕೃಷಿಕನ ಪಾಡೇನು?

ಆದುದರಿಂದ ಹಿರಿಯರಲ್ಲಿ ನಮ್ಮ ಬಿನ್ನಹವಿಷ್ಟೆ: ಕೋವಿಯನ್ನು ಕೊಡುವ ಮೊದಲು ಅದರ ಕಾಗದಪತ್ರಗಳನ್ನು ಕೊಡಿರಿ, ಅದಕ್ಕೂ ಮೊದಲು ಅದನ್ನು ಹಿಡಿಯುವ ಸಂಯಮವನ್ನು ಕೊಡಿರಿ. ಇಟ್ಟುಕೊಳ್ಳಲು ಯೋಗ್ಯರಿಲ್ಲದಿದ್ದರೆ ಕಾಯಿದೆಯಂತೆ ಒಪ್ಪಿಸಿಬಿಡಿರಿ. ಅದರಲ್ಲಿ ಅವಮಾನವೇನೂ ಇಲ್ಲ. ಆದರೆ ಅದಕ್ಕೆ ಮುನ್ನ ಅದನ್ನು ತಂದವರಾರು, ಅದು ಯಾವ ತೋಟವನ್ನು ಕಾಯಿತೆಂಬುದನ್ನು ಮಕ್ಕಳ ಕೈಯಿಂದ ಕನ್ನಡದಲ್ಲಿ ಬರೆಯಿಸಿರಿ. ಕೇಪು, ಚರೆ, ಈಡು ಎಂಬ ಮಾತುಗಳು ನಮ್ಮ ತರಗತಿಯ ಮಕ್ಕಳಿಗೆ ಈಗಲೇ ಅಪರಿಚಿತವಾಗಿವೆ. ಕಬ್ಬಿಣಕ್ಕೆ ತುಕ್ಕು ಹಿಡಿದರೆ ಉಜ್ಜಬಹುದು. ಮರೆತ ಮಾತನ್ನು ಮರಳಿ ತರುವುದು ಕಷ್ಟ.