ರಕ್ತದ ಕ್ಯಾನ್ಸರ್ ಮತ್ತು ಜೀನ್ ಪರೀಕ್ಷೆ: ಸಿಸ್ಟರ್ ಹೇಳುವ ಮಾತು

(ರೋಗಿಗಳು ಹಾಗೂ ಅವರ ಬಂಧುಗಳಿಗಾಗಿ ಮಾಡಿದ ಭಾಷಣದ ಬರಹರೂಪ)



ಯಾದಗಿರಿ, ಶಹಾಪುರ, ಸುರಪುರ ಕಡೆಯಿಂದ ಬಂದಿರುವ ತಾಯಂದಿರೇ, ಅಣ್ಣತಮ್ಮಂದಿರೇ, ರಕ್ತದ ಕ್ಯಾನ್ಸರ್ ಸಂಶಯ ಬಂದರೆ ಡಾಕ್ಟರು ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೋ ಬೆಂಗಳೂರಿನ ಕಿದ್ವಾಯಿಗೋ ಹೋಗಿರಿ ಎನ್ನುತ್ತಾರೆ. ಜೀನ್ ಪರೀಕ್ಷೆ ಆಗಬೇಕು ಎಂದೂ ಹೇಳುತ್ತಾರೆ. ಡಾಕ್ಟರ ಮುಂದೆ ತಲೆ ಅಲ್ಲಾಡಿಸಿದವರು ಹೊರಗೆ ಬಂದು ನಮ್ಮನ್ನು ಕೇಳುತ್ತಾರೆ: "ಸಿಸ್ಟರ್, ಅವರು ಅಂದದ್ದು ಏನ್ರಿ?" ಇದಕ್ಕೆ ಉತ್ತರ ಕೊಡುವುದೇ ನಮ್ಮ ಅರ್ಧ ಕೆಲಸ.

ಜೀನ್‌ಗೆ ಕನ್ನಡದಲ್ಲಿ ವಂಶವಾಹಿ ಎನ್ನುತ್ತೇವೆ. ಈ ಶಬ್ದವೇ ಮೊದಲು ಹೆದರಿಸುತ್ತದೆ. "ಇದು ನಮ್ಮ ವಂಶದ ರೋಗವೇನ್ರಿ? ಮಗಳ ಲಗ್ನ ಹೆಂಗ?" ಎಂದು ತಾಯಿ ಅಳುತ್ತಾಳೆ. ಕೆಲವು ಮನೆಗಳಲ್ಲಿ ಮಾತು ಸೊಸೆಯ ತವರಿನ ಮೇಲೆ ಹೋಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ರಕ್ತದ ಕ್ಯಾನ್ಸರ್‌ನಲ್ಲಿ ಕಾಣುವ ಬದಲಾವಣೆಗಳಲ್ಲಿ ಬಹುಪಾಲು ತಂದೆತಾಯಿಯಿಂದ ಬಂದವಲ್ಲ. ಮಜ್ಜೆಯ ಯಾವುದೋ ಒಂದು ಕಣದಲ್ಲಿ ಆಗಿ, ಅದರಿಂದ ಹುಟ್ಟಿದ ಕಣಗಳಲ್ಲಿ ಮಾತ್ರ ಉಳಿಯುತ್ತವೆ. ಅವು ಮಕ್ಕಳಿಗೆ ಹೋಗುವುದಿಲ್ಲ, ಮುಟ್ಟಿದರೆ ಅಂಟುವುದೂ ಇಲ್ಲ. ಅಪರೂಪಕ್ಕೆ ಮನೆತನದಲ್ಲಿ ಬರುವುದುಂಟು. ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ ಆಗಿದ್ದರೆ ಮುಚ್ಚಿಡದೆ ಹೇಳಿರಿ.

ಹಾಗಾದರೆ ಪರೀಕ್ಷೆ ಏಕೆ? ರಕ್ತದ ಕ್ಯಾನ್ಸರ್ ಎಂಬುದು ಒಂದೇ ರೋಗವಲ್ಲ. ಸಿ.ಎಂ.ಎಲ್. ಎಂಬ ಬಗೆಯಲ್ಲಿ 9 ಮತ್ತು 22ನೆಯ ವರ್ಣತಂತುಗಳ ತುಂಡುಗಳು ಅದಲು ಬದಲಾಗಿರುತ್ತವೆ. ಇದರ ಗುರುತು ಮೊದಲು ಸಿಕ್ಕಿದ್ದು 1960ರಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಆ ದೋಷವನ್ನೇ ಗುರಿಯಿಟ್ಟು ತಡೆಯುವ ಇಮಾಟಿನಿಬ್ ಗುಳಿಗೆಗೆ ಅಲ್ಲಿ ಒಪ್ಪಿಗೆ ದೊರೆತದ್ದು 2001ರಲ್ಲಿ. ಪರೀಕ್ಷೆಯಲ್ಲಿ ಈ ದೋಷ ಕಂಡರೆ ದಿನಾ ಗುಳಿಗೆ ನುಂಗುತ್ತ ಹೊಲಕ್ಕೆ ಹೋಗಿ ದುಡಿಯುವಷ್ಟು ಚೇತರಿಸಿಕೊಳ್ಳಬಹುದು. ಕಾಣದಿದ್ದರೆ ಔಷಧಿಯೇ ಬೇರೆ.

ಮಜ್ಜೆ ತೆಗೆಯುವುದು ಸಾಮಾನ್ಯವಾಗಿ ಸೊಂಟದ ಹಿಂದಿನ ಎಲುಬಿನಿಂದ, ಬೆನ್ನುಹುರಿಯಿಂದಲ್ಲ. ಕಾಲಿನ ಶಕ್ತಿ ಹೋಗುವುದಿಲ್ಲ. ಮರಗಟ್ಟುವ ಇಂಜೆಕ್ಷನ್ ಕೊಟ್ಟರೂ ಎಳೆಯುವಾಗ ಕೆಲವು ಕ್ಷಣ ಜೋರಾಗಿ ನೋಯುತ್ತದೆ. ನೋವೇ ಇಲ್ಲ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಇನ್ನು ಕೊಳವೆಗಳ ವಿಷಯ. ನೇರಳೆ ಮುಚ್ಚಳದ್ದು ಜೀನ್ ಪರೀಕ್ಷೆಗೆ, ಹಸಿರು ಮುಚ್ಚಳದ್ದು ವರ್ಣತಂತು ನೋಡಲಿಕ್ಕೆ. ಒಂದರ ಬದಲು ಇನ್ನೊಂದು ನಡೆಯದು. ಹಸಿರಿನದರಲ್ಲಿ ಇರುವ ಹೆಪಾರಿನ್ ಜೀನ್ ಪರೀಕ್ಷೆಗೆ ಅಡ್ಡಿ ಮಾಡುತ್ತದೆ. ನಮ್ಮ ಕಡೆಯ ಬೇಸಿಗೆ ಗೊತ್ತೇ ಇದೆ. ಬಸ್ಸಿನ ಬಿಸಿಲಲ್ಲಿ ಇಟ್ಟರೆ ಕಣ ಕೆಡುತ್ತದೆ, ಫ್ರೀಜರ್‌ನಲ್ಲಿ ಗಡ್ಡೆ ಕಟ್ಟಿಸಿದರೂ ಕೆಡುತ್ತದೆ. ಹೆಸರು, ತಂದೆಯ ಹೆಸರು, ವಯಸ್ಸು ಮೂರು ಸಲ ಕೇಳಿದೆವೆಂದು ಸಿಟ್ಟಾಗಬೇಡಿ. ಒಂದೇ ಊರಲ್ಲಿ ನಾಲ್ಕು ಮಂದಿ ಶರಣಪ್ಪ, ಐದು ಮಂದಿ ಭೀಮವ್ವ ಇರುವ ಸೀಮೆ ನಮ್ಮದು.

ಗುಳಿಗೆ ಶುರುವಾದ ಮೇಲಿನ ಕಾಲವೇ ನನಗೆ ಹೆಚ್ಚು ಚಿಂತೆ. ಎರಡು ತಿಂಗಳಲ್ಲಿ ಮೈ ಹಗುರಾಗುತ್ತದೆ, ಹೊಟ್ಟೆಯ ಗಡ್ಡೆ ಇಳಿಯುತ್ತದೆ. ಆಗ ರೋಗ ಹೋಯಿತೆಂದು ಗುಳಿಗೆ ಬಿಟ್ಟು ಬೆಂಗಳೂರಿಗೋ ಮುಂಬಯಿಗೋ ದುಡಿಯಲು ಹೋಗುತ್ತಾರೆ. ಮೈ ಹೇಳುವುದು ಬೇರೆ, ಜೀನ್ ಪರೀಕ್ಷೆ ಹೇಳುವುದು ಬೇರೆ. ಮೂರು ತಿಂಗಳಿಗೊಮ್ಮೆ ರಕ್ತ ಕೊಟ್ಟು ನೋಡಿಸಬೇಕು. ಮೂರು ತಿಂಗಳಿಗೆ ಶೇ. 10ಕ್ಕೆ, ವರ್ಷಕ್ಕೆ ಶೇ. 0.1ಕ್ಕೆ ಇಳಿಯಬೇಕೆಂಬುದು ಡಾಕ್ಟರ ಲೆಕ್ಕ. ಇಳಿಯದಿದ್ದರೆ ನಾವು ಮೊದಲು ಕೇಳುವುದು, "ಗುಳಿಗೆ ಎಷ್ಟು ದಿನ ತಪ್ಪಿತು?" ಬಯ್ಯಲು ಅಲ್ಲ, ಔಷಧಿ ಬದಲಿಸಬೇಕೋ ಬೇಡವೋ ತಿಳಿಯಲು. ಬಸುರಿ ಇದ್ದರೆ, ಆಗುವ ಆಲೋಚನೆ ಇದ್ದರೆ, ಡಾಕ್ಟರ ಮುಂದೆ ನಾಚಿಕೆಯಾದರೆ ನಮ್ಮ ಕಿವಿಯಲ್ಲಾದರೂ ಹೇಳಿರಿ ತಾಯಿ.

ಖರ್ಚಿನ ಮಾತನ್ನು ರಕ್ತ ಕೊಡುವ ಮುಂಚೆಯೇ ಕೇಳಿರಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕೌಂಟರಿನಲ್ಲಿ ರೇಷನ್ ಕಾರ್ಡು, ಆಧಾರ್ ತೋರಿಸಿ, ಯಾವ ಪರೀಕ್ಷೆ ಅದರಲ್ಲಿ ಬರುತ್ತದೆ ಎಂದು ವಿಚಾರಿಸಿರಿ. ಹಳೆಯ ರಿಪೋರ್ಟು ಒಂದನ್ನೂ ಬಿಸಾಡದೆ ತಾರೀಖಿನ ಪ್ರಕಾರ ಫೈಲಿನಲ್ಲಿಟ್ಟು, ಪ್ರತಿ ಸಲ ಬರುವಾಗ ತನ್ನಿರಿ.