ತಲೆ ಎಣಿಸುವ ಜಾಗ

ನಮ್ಮ ವಿಧಾನಸಭೆಯಲ್ಲಿ ಜನ ಆರಿಸಿ ಕಳಿಸುವ ಕುರ್ಚಿಗಳು 224. ಅದರಲ್ಲಿ ರೋಣದ್ದು ಒಂದು, ನರಗುಂದದ್ದು ಒಂದು. ಗಜೇಂದ್ರಗಡ ಈಚೆಗೆ ತಾಲೂಕಾಗಿದ್ದರೂ ಅಲ್ಲಿಯವರ ಮತ ಬೀಳುವುದು ರೋಣ ಕ್ಷೇತ್ರಕ್ಕೇ. ಅಂದರೆ ಈ ಮೂರು ಊರುಗಳ ಪಾಲಿಗೆ ಎರಡು ಕುರ್ಚಿ. ಮಾಮೂಲಿ ದಿನಗಳಲ್ಲಿ ಈ ಎರಡರ ಗೊಡವೆ ಬೆಂಗಳೂರಿನಲ್ಲಿ ಯಾರಿಗೂ ಇರುವುದಿಲ್ಲ. ಆದರೆ 2019ರ ಜುಲೈ 23ರ ಸಂಜೆ ವಿಧಾನಸಭೆಯಲ್ಲಿ ಸದಸ್ಯರನ್ನು ಸಾಲು ಸಾಲಾಗಿ ಎಬ್ಬಿಸಿ ನಿಲ್ಲಿಸಿ ತಲೆ ಎಣಿಸಿದರು. ಕುಮಾರಸ್ವಾಮಿಯವರ ಸರ್ಕಾರದ ಪರ 99, ವಿರುದ್ಧ 105. ಆ 105ರಲ್ಲಿ ರೋಣದ ಕಳಕಪ್ಪ ಬಂಡಿ ಇದ್ದರು, ನರಗುಂದದ ಸಿ.ಸಿ. ಪಾಟೀಲರಿದ್ದರು. ಆರು ಮತದ ಅಂತರದಲ್ಲಿ ಸರ್ಕಾರ ಉರುಳಿತು. ತಿಂಗಳೊಪ್ಪತ್ತಿನಲ್ಲಿ ಸಿ.ಸಿ. ಪಾಟೀಲರು ಹೊಸ ಸರ್ಕಾರದ ಮಂತ್ರಿಯೂ ಆದರು.

ಇವತ್ತು ನಾನು ಹೇಳಹೊರಟಿರುವುದು ಆ ಎಣಿಕೆಯ ವಿಚಾರ. ಯಾರಿಗೆ ಬಹುಮತವಿದೆ ಎಂಬುದನ್ನು ಎಲ್ಲಿ ಕೂತು ಎಣಿಸಬೇಕು? ರಾಜಭವನದಲ್ಲೋ, ರೆಸಾರ್ಟಿನಲ್ಲೋ, ದಿಲ್ಲಿಯಲ್ಲೋ, ಸದನದಲ್ಲೋ? ಕೇಳಲು ಇದು ಹುಡುಗಾಟದ ಪ್ರಶ್ನೆ ಅನ್ನಿಸಬಹುದು. ಇದಕ್ಕೆ ಉತ್ತರ ಪಡೆಯಲು ನಮ್ಮ ಹಳೆಯ ಧಾರವಾಡ ಜಿಲ್ಲೆಯ ಒಬ್ಬ ವಕೀಲರು ಸುಪ್ರೀಂ ಕೋರ್ಟಿನ ಕಟ್ಟೆ ಹತ್ತಬೇಕಾಯಿತು. ಆ ಕಥೆಗೆ ಬರುತ್ತೇನೆ. ಅದಕ್ಕೆ ಮೊದಲು ನರಗುಂದ.

1978ರ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಕಾಂಗ್ರೆಸ್ಸಿಗೆ ರಾಜ್ಯದಲ್ಲಿ 149 ಸ್ಥಾನ ಸಿಕ್ಕವು. ದೇವರಾಜ ಅರಸು ಮುಖ್ಯಮಂತ್ರಿ. ಮರುವರ್ಷ ಅರಸರಿಗೂ ಇಂದಿರಾ ಅವರಿಗೂ ಮುರಿದುಬಿತ್ತು. ಹೆಚ್ಚಿನ ಶಾಸಕರು ಅರಸರ ಬೆನ್ನಿಗೇ ನಿಂತರು. 1980ರ ಜನವರಿಯಲ್ಲಿ ಲೋಕಸಭೆ ಚುನಾವಣೆಯ ಫಲಿತಾಂಶ ಬಂತು. ರಾಜ್ಯದ 28ರಲ್ಲಿ 27 ಇಂದಿರಾ ಅವರ ಪಾಲಾಯಿತು. ಬೆನ್ನಿಗೆ ನಿಂತವರು ಗುಂಪುಗುಂಪಾಗಿ ಆ ಕಡೆ ಹೊರಳಿದರು. ಅರಸು ರಾಜೀನಾಮೆ ಕೊಟ್ಟರು, ಆರ್. ಗುಂಡೂರಾವ್ ಮುಖ್ಯಮಂತ್ರಿಯಾದರು. ಪಕ್ಷಾಂತರ ತಡೆಯುವ ಕಾಯ್ದೆ ಆಗ ಇರಲಿಲ್ಲ. ಹೊರಳಿದವರನ್ನು ಪಕ್ಷಾಂತರಿಗಳು ಅನ್ನೋಣವೇ? ಅವರು ಗೆದ್ದದ್ದೇ ಇಂದಿರಾ ಹೆಸರಿನಲ್ಲಿ, ಮನೆಗೆ ಮರಳಿದೆವು ಎಂದು ಅವರೂ ವಾದಿಸಬಹುದಿತ್ತು. ಅದೇನೇ ಇರಲಿ, ಗುಂಡೂರಾಯರ ಬಹುಮತ ಮತಪೆಟ್ಟಿಗೆಯಿಂದ ನೇರವಾಗಿ ಬಂದದ್ದಾಗಿರಲಿಲ್ಲ.

ಆರು ತಿಂಗಳು ಕಳೆದಿತ್ತು. ಮಲಪ್ರಭಾ ಯೋಜನೆಯ ನೀರು ಹೊಲಕ್ಕೆ ಸರಿಯಾಗಿ ಮುಟ್ಟುವ ಮೊದಲೇ ಬೆಟರ್‌ಮೆಂಟ್ ಲೆವಿಯ ವಸೂಲಿ ಬಂದು ಬಾಗಿಲಲ್ಲಿ ನಿಂತಿತ್ತು. ನೀರು ಹರಿದರೆ ಭೂಮಿಯ ಬೆಲೆ ಏರುತ್ತದೆ, ಏರಿದ್ದರಲ್ಲಿ ಸರ್ಕಾರಕ್ಕೆ ಪಾಲು ಕೊಡಿ ಎನ್ನುವ ಕರ ಅದು. 1980ರ ಜುಲೈ 21ರಂದು ನರಗುಂದದಲ್ಲಿ, ನವಲಗುಂದದಲ್ಲಿ ರೈತರು ಬೀದಿಗಿಳಿದರು. ಗೋಲಿಬಾರ್ ಆಯಿತು. ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ, ಅಳಗವಾಡಿಯ ಬಸಪ್ಪ ಲಕ್ಕುಂಡಿ ಗುಂಡಿಗೆ ಬಲಿಯಾದರು. ಸಿಟ್ಟಿಗೆದ್ದ ಗುಂಪಿನ ಕೈಗೆ ಸಿಕ್ಕು ಪೊಲೀಸರೂ ಸತ್ತರು. ಇದನ್ನು ಬಿಟ್ಟು ಹೇಳಿದರೆ ಕಥೆ ಅರ್ಧವಾಗುತ್ತದೆ. ಇವತ್ತಿಗೂ ಜುಲೈ 21 ನರಗುಂದದಲ್ಲಿ ಹುತಾತ್ಮರ ದಿನ. ಎಲ್ಲ ಪಕ್ಷದವರೂ ಬಂದು ವೀರಗಲ್ಲಿಗೆ ಮಾಲೆ ಹಾಕುತ್ತಾರೆ.

ನರಗುಂದವೊಂದೇ ಗುಂಡೂರಾಯರ ಸರ್ಕಾರವನ್ನು ಕೆಡವಿತು ಎಂದರೆ ಅತಿಯಾದೀತು. ಕನ್ನಡಕ್ಕಾಗಿ ನಡೆದ ಗೋಕಾಕ್ ಚಳವಳಿಯಿತ್ತು, ಬಂಗಾರಪ್ಪನವರ ಬಂಡಾಯವಿತ್ತು. ಆದರೆ ಸದನದೊಳಗೆ ಅಲುಗಾಡದಂತಿದ್ದ ಸರ್ಕಾರ ಹೊಲದಲ್ಲಿ ಮೊದಲು ಅಲುಗಾಡಿದ್ದು ಇಲ್ಲಿ. 1983ರ ಜನವರಿಯಲ್ಲಿ ಜನತಾ ಪಕ್ಷಕ್ಕೆ 95, ಕಾಂಗ್ರೆಸ್ಸಿಗೆ 82, ಬಿಜೆಪಿಗೆ 18 ಸ್ಥಾನ ಬಂದವು. ಬಹುಮತಕ್ಕೆ ಬೇಕಾದ 113 ಯಾರಿಗೂ ಇಲ್ಲ. ರಾಮಕೃಷ್ಣ ಹೆಗಡೆಯವರು ಹೊರಗಿನವರ ಬೆಂಬಲದ ಮೇಲೆ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಕಟ್ಟಿದರು. ಒಂದೊಂದು ತಲೆಗೂ ಬೆಲೆ ಬಂದ ಕಾಲ ಶುರುವಾದದ್ದು ಅಲ್ಲಿಂದ. ಶಾಸಕ ಬೈರೇಗೌಡರನ್ನು ಸೆಳೆಯಲು ಕಾಂಗ್ರೆಸ್ಸಿನ ವೀರಪ್ಪ ಮೊಯಿಲಿಯವರು ಹಣದ ಆಮಿಷ ಒಡ್ಡಿದರು ಎಂಬ ಆರೋಪದ ‘ಮೊಯಿಲಿ ಟೇಪ್’ ಗದ್ದಲ ಆಗಿನದ್ದೇ.

ಈಗ ಆ ವಕೀಲರು, ಎಸ್.ಆರ್. ಬೊಮ್ಮಾಯಿ. ಸವಣೂರು ಸೀಮೆಯ ಕಾರಡಗಿಯವರು, ಹುಬ್ಬಳ್ಳಿಯಲ್ಲಿ ವಕೀಲಿಕೆ, ಹುಬ್ಬಳ್ಳಿ ಗ್ರಾಮೀಣದ ಶಾಸಕರು. ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿಯವರೆಗೆ ರೋಣ, ನರಗುಂದ, ಹುಬ್ಬಳ್ಳಿ ಎಲ್ಲ ಒಂದೇ ಧಾರವಾಡ ಜಿಲ್ಲೆ. ದೂರವಾಣಿ ಕದ್ದಾಲಿಕೆಯ ಹಗರಣದಲ್ಲಿ ಹೆಗಡೆ ಇಳಿದ ಮೇಲೆ, 1988ರ ಆಗಸ್ಟಿನಲ್ಲಿ ಬೊಮ್ಮಾಯಿ ಮುಖ್ಯಮಂತ್ರಿಯಾದರು. ಜನತಾ ಪಕ್ಷ ಲೋಕದಳದೊಡನೆ ಸೇರಿ ಜನತಾದಳವಾಯಿತು. 1989ರ ಏಪ್ರಿಲ್ 15ರಂದು ಬೊಮ್ಮಾಯಿ ಹದಿಮೂರು ಹೊಸ ಮಂತ್ರಿಗಳನ್ನು ಸೇರಿಸಿಕೊಂಡರು. ಹದಿಮೂರು ಮಂದಿಗೆ ಕುರ್ಚಿ ಕೊಟ್ಟರೆ ಸಿಗದವರಿಗೆಲ್ಲ ಹೊಟ್ಟೆನೋವು. ಆಮೇಲಿನದು ಒಂದು ವಾರದ ಆಟ, ಆದರೆ ತಾರೀಕು ತಾರೀಕಾಗಿ ಹೇಳುವಂಥದ್ದು.

17ನೇ ತಾರೀಕು ಕಲ್ಯಾಣರಾವ್ ಮೊಳಕೇರಿ ಎಂಬ ಶಾಸಕರು ಜನತಾದಳ ಬಿಟ್ಟರು; ಸರ್ಕಾರಕ್ಕೆ ಬೆಂಬಲವಿಲ್ಲ ಎನ್ನುವ 19 ಶಾಸಕರ ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈಗಿತ್ತರು. ರಾಜ್ಯಪಾಲರು ಸಹಿಗಳನ್ನು ವಿಧಾನಸಭೆಯ ಕಾರ್ಯದರ್ಶಿಯಿಂದ ತಾಳೆ ನೋಡಿಸಿದರು. 19ಕ್ಕೆ ದಿಲ್ಲಿಗೆ ವರದಿ ಹೋಯಿತು. 20ಕ್ಕೆ ಆ ಹತ್ತೊಂಬತ್ತರಲ್ಲಿ ಏಳು ಜನ, ನಮ್ಮ ಸಹಿಯನ್ನು ತಪ್ಪು ಹೇಳಿ ಪಡೆದಿದ್ದಾರೆ, ನಾವು ಸರ್ಕಾರದ ಜೊತೆಗೇ ಇದ್ದೇವೆ ಎಂದು ಮತ್ತೆ ಬರೆದುಕೊಟ್ಟರು. ಅವತ್ತೇ ಬೊಮ್ಮಾಯಿಯವರು ರಾಜಭವನಕ್ಕೆ ಹೋಗಿ, 27ಕ್ಕೆ ಅಧಿವೇಶನ ಕರೆದಿದ್ದೇವೆ, ಬೇಕಾದರೆ ಇನ್ನೂ ಮೊದಲೇ ಕರೆಯುತ್ತೇವೆ, ಬಲ ಎಷ್ಟಿದೆ ಎಂದು ಅಲ್ಲೇ ನೋಡಿ ಅಂದರು. ರಾಜ್ಯಪಾಲರು ಒಪ್ಪಲಿಲ್ಲ, ದಿಲ್ಲಿಗೆ ಎರಡನೆಯ ವರದಿ ಕಳಿಸಿದರು. 21ಕ್ಕೆ ಸಂವಿಧಾನದ 356ನೇ ವಿಧಿಯಡಿ ರಾಷ್ಟ್ರಪತಿ ಆಳ್ವಿಕೆ. ಬೊಮ್ಮಾಯಿ ಕೇಳಿದ್ದು ಆರೇಳು ದಿನದ ಅವಕಾಶ ಅಷ್ಟೇ.

ಬೊಮ್ಮಾಯಿಯವರಿಗೆ ನಿಜಕ್ಕೂ ಬಹುಮತವಿತ್ತೇ? ಬಹುಶಃ ಕಷ್ಟವಿತ್ತು, ಪಕ್ಷ ಒಳಗೇ ಬಿರುಕು ಬಿಟ್ಟಿತ್ತು. ಅದು ನನಗೆ ಮುಖ್ಯವಾಗಿ ಕಾಣುವುದಿಲ್ಲ. 17ರಂದು ಒಂದು, 20ರಂದು ಇನ್ನೊಂದು ಬರೆಯುವ ಶಾಸಕರ ಮನಸ್ಸನ್ನು ಕಾಗದದಲ್ಲಿ ಓದುವುದು ಹೇಗೆ? ಸದನದಲ್ಲಾದರೆ ಎಲ್ಲರ ಕಣ್ಣೆದುರಿಗೆ ಎದ್ದು ನಿಲ್ಲಬೇಕು, ದಾಖಲೆಯಲ್ಲಿ ಹೆಸರು ಬರುತ್ತದೆ, ಊರಿಗೆ ಹೋದರೆ ಜನ ಕೇಳುತ್ತಾರೆ. ಬೊಮ್ಮಾಯಿಯವರ ವಕೀಲ ಬುದ್ಧಿಗೆ ಈ ವ್ಯತ್ಯಾಸ ಚೆನ್ನಾಗಿ ತಿಳಿದಿತ್ತು. ಕರ್ನಾಟಕ ಹೈಕೋರ್ಟಿನಲ್ಲಿ ಅವರ ಅರ್ಜಿ ವಜಾ ಆಯಿತು. ಸುಪ್ರೀಂ ಕೋರ್ಟಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಕೂತು, 1994ರ ಮಾರ್ಚ್ 11ರಂದು ತೀರ್ಪು ಕೊಟ್ಟಿತು: ಸರ್ಕಾರದ ಬಲವನ್ನು ಪರೀಕ್ಷಿಸುವ ಜಾಗ ಸದನ, ರಾಜ್ಯಪಾಲರ ಅಂದಾಜಿನ ಮೇಲೆ ಸರ್ಕಾರ ಕೆಡವಲಾಗದು, ರಾಷ್ಟ್ರಪತಿ ಆಳ್ವಿಕೆಯ ಆದೇಶವನ್ನೂ ನ್ಯಾಯಾಲಯ ಪರಿಶೀಲಿಸಬಹುದು. ಕರ್ನಾಟಕದ ಆದೇಶ ಸಂವಿಧಾನಬಾಹಿರ ಎಂದಾಯಿತು.

ಆದರೆ ಬೊಮ್ಮಾಯಿಯವರಿಗೆ ಕುರ್ಚಿ ಮರಳಿ ಸಿಗಲಿಲ್ಲ. ಅಷ್ಟರಲ್ಲಿ 1989ರ ನವೆಂಬರಿನಲ್ಲಿ ಚುನಾವಣೆ ನಡೆದು, ಜನತಾದಳ 24ಕ್ಕೆ ಇಳಿದು, ಮೂವರು ಮುಖ್ಯಮಂತ್ರಿಗಳು ಬಂದಿದ್ದರು. ಗೆದ್ದ ವ್ಯಾಜ್ಯದ ಫಲ ಮುಂದಿನವರಿಗೆ ಸಿಕ್ಕಿತು. ದೇಶದ ಯಾವ ರಾಜ್ಯದಲ್ಲಿ ಸರ್ಕಾರ ಅಲುಗಾಡಿದರೂ ವಕೀಲರ ಬಾಯಲ್ಲಿ ಮೊದಲು ಬರುವ ಹೆಸರು ‘ಬೊಮ್ಮಾಯಿ ಪ್ರಕರಣ’.

ಇಲ್ಲಿಗೆ ಜಗಳ ಮುಗಿಯಬೇಕಿತ್ತು. ಆದರೆ ತೂಗುವ ತಕ್ಕಡಿ ಸರಿಯಾದ ಕೂಡಲೇ ವ್ಯಾಪಾರಿಗಳು ಸುಮ್ಮನಿರುತ್ತಾರೆಯೇ, ತೂಕದ ಕಲ್ಲಿಗೆ ಕೈ ಹಾಕುತ್ತಾರೆ. ಸದನದಲ್ಲೇ ಎಣಿಸಬೇಕು ಎಂದಾದ ಮೇಲೆ, ಎಣಿಕೆಯ ಹೊತ್ತಿಗೆ ಸದನದಲ್ಲಿ ಯಾರಿರಬೇಕು, ಯಾರಿರಬಾರದು ಎಂಬುದರ ಮೇಲೆ ಕುಸ್ತಿ ಶುರುವಾಯಿತು.

ಇದಕ್ಕೆ ಪಕ್ಷಾಂತರ ನಿಷೇಧ ಕಾಯ್ದೆಯ ಎರಡು ಮಾತು ಗೊತ್ತಿರಬೇಕು. 1985ರಲ್ಲಿ ಸಂವಿಧಾನಕ್ಕೆ ಹತ್ತನೆಯ ಅನುಸೂಚಿ ಸೇರಿತು. ಪಕ್ಷ ಬಿಟ್ಟರೆ ಅಥವಾ ಪಕ್ಷದ ಆದೇಶ, ಅಂದರೆ ವಿಪ್, ಮೀರಿ ಮತ ಹಾಕಿದರೆ ಸದಸ್ಯತ್ವ ಹೋಗುತ್ತದೆ. ತೀರ್ಮಾನ ಸ್ಪೀಕರ್ ಅವರದು. ಮೂರನೇ ಒಂದು ಭಾಗ ಒಟ್ಟಿಗೆ ಒಡೆದು ಹೋದರೆ ವಿನಾಯಿತಿ ಇತ್ತು, 2003ರಲ್ಲಿ ಅದನ್ನೂ ತೆಗೆದರು. ಒಬ್ಬೊಬ್ಬರು ಹೋದರೆ ತಪ್ಪು, ಮೂರನೇ ಒಂದರಷ್ಟು ಗುಂಪಾಗಿ ಹೋದರೆ ಸರಿ ಎನ್ನುವ ವಿಚಿತ್ರ ಅಲ್ಲಿಯವರೆಗೆ ನಡೆದಿತ್ತು. ಆದರೆ ರಾಜೀನಾಮೆ? ರಾಜೀನಾಮೆ ಕೊಟ್ಟು ಇನ್ನೊಂದು ಪಕ್ಷದಿಂದ ಮತ್ತೆ ಚುನಾವಣೆಗೆ ನಿಲ್ಲುವವನನ್ನು ಆ ಕಾಯ್ದೆ ಹಿಡಿಯಲಿಲ್ಲ. 2008ರಲ್ಲಿ 110 ಸ್ಥಾನ ಗೆದ್ದು ಮೂರು ತಲೆ ಕಡಿಮೆಯಿದ್ದ ಬಿಜೆಪಿ ಆ ಕಿಂಡಿಯನ್ನು ಹೆಬ್ಬಾಗಿಲು ಮಾಡಿಕೊಂಡಿತು. ಜನ ಅದಕ್ಕೆ ಇಟ್ಟ ಹೆಸರು ಆಪರೇಷನ್ ಕಮಲ.

2010ರ ಅಕ್ಟೋಬರಿನಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪನವರ ವಿರುದ್ಧ ಅವರವರೇ ತಿರುಗಿಬಿದ್ದರು. ವಿಶ್ವಾಸಮತಕ್ಕೆ ಮುನ್ನ ಸ್ಪೀಕರ್ ಕೆ.ಜಿ. ಬೋಪಯ್ಯನವರು ಬಿಜೆಪಿಯ 11, ಪಕ್ಷೇತರರು 5, ಒಟ್ಟು 16 ಜನರನ್ನು ಅನರ್ಹಗೊಳಿಸಿದರು. ಮೊದಲ ಸಲ ಗದ್ದಲದ ನಡುವೆ ಧ್ವನಿಮತ. ರಾಜ್ಯಪಾಲ ಹಂಸರಾಜ ಭಾರದ್ವಾಜರು ಅದನ್ನು ಒಪ್ಪಲಿಲ್ಲ. 14ರಂದು ಎರಡನೆಯ ಸಲ ತಲೆ ಎಣಿಸಿದಾಗ 106ಕ್ಕೆ 100. ಸರ್ಕಾರ ಉಳಿಯಿತು. ಅನರ್ಹತೆ ತಪ್ಪು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2011ರ ಮೇ ತಿಂಗಳಲ್ಲಿ.

2019ರಲ್ಲಿ ಕೈಗಳು ಬದಲಾದವು, ಆಟ ಹಾಗೇ ಇತ್ತು. ಕಾಂಗ್ರೆಸ್, ಜೆಡಿಎಸ್ ಶಾಸಕರು ರಾಜೀನಾಮೆ ಬರೆದು ಮುಂಬಯಿಯ ಹೋಟೆಲ್ ಸೇರಿದರು. ಜುಲೈ 18ಕ್ಕೆ ಶುರುವಾದ ವಿಶ್ವಾಸಮತದ ಚರ್ಚೆ 23ರವರೆಗೆ ಎಳೆಯಿತು. ರಾಜ್ಯಪಾಲ ವಜುಭಾಯಿ ವಾಲಾ ಗಡುವು ಕೊಟ್ಟರು, ಗಡುವು ಮೀರಿತು, ಇನ್ನೊಂದು ಕೊಟ್ಟರು, ಅದೂ ಮೀರಿತು. 1989ರಲ್ಲಿ ರಾಜ್ಯಪಾಲರು ಸದನಕ್ಕೆ ಹೋಗಬೇಡಿ ಅಂದಿದ್ದರು, ಮೂವತ್ತು ವರ್ಷದ ಮೇಲೆ ಬೇಗ ಹೋಗಿ ಮುಗಿಸಿ ಅಂದರು! ಸರ್ಕಾರ ಬಿದ್ದ ಮೇಲೆ ಸ್ಪೀಕರ್ ರಮೇಶ್ ಕುಮಾರ್ 17 ಜನರನ್ನು ಅನರ್ಹಗೊಳಿಸಿದರು.

ಒಂದು ಲೆಕ್ಕ ಹಾಕಿ ನೋಡಿ. 2010ರಲ್ಲಿ ಅನರ್ಹರಾದ ಹದಿನಾರು ಜನ ಒಳಗಿದ್ದು ವಿರುದ್ಧ ಮತ ಹಾಕಿದ್ದರೆ 100 ಹೋಗಿ 116 ಆಗುತ್ತಿತ್ತು, ಸರ್ಕಾರ ಬೀಳುತ್ತಿತ್ತು. 2019ರಲ್ಲಿ ಆ ಹದಿನೇಳು ಜನ ಬಂದು ಸರ್ಕಾರದ ಪರ ಎದ್ದು ನಿಂತಿದ್ದರೆ 99 ಹೋಗಿ 116, ಸರ್ಕಾರ ಉಳಿಯುತ್ತಿತ್ತು. ಎರಡು ಸಲವೂ ಒಳಗಿದ್ದವರಿಗಿಂತ ಹೊರಗುಳಿದವರೇ ತೀರ್ಮಾನ ಮಾಡಿದರು. ಬೊಮ್ಮಾಯಿ ತೀರ್ಪಿನ ಅಕ್ಷರ ಉಳಿಯಿತು, ಜೀವ ಅರ್ಧ ಹೋಯಿತು ಎಂದೇ ನನ್ನ ಅನಿಸಿಕೆ.

ಆ ಹದಿನೇಳು ಜನರ ಅನರ್ಹತೆಯನ್ನು ಸುಪ್ರೀಂ ಕೋರ್ಟ್ 2019ರ ನವೆಂಬರ್ 13ರಂದು ಎತ್ತಿಹಿಡಿಯಿತು. ಆದರೆ ಅವಧಿ ಮುಗಿಯುವವರೆಗೆ ಸ್ಪರ್ಧಿಸುವಂತಿಲ್ಲ ಎಂದಿದ್ದನ್ನು ತೆಗೆದುಹಾಕಿತು. ಡಿಸೆಂಬರ್ 5ಕ್ಕೆ 15 ಕ್ಷೇತ್ರಗಳಲ್ಲಿ ಉಪಚುನಾವಣೆ. ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಹಿರೇಕೆರೂರು, ರಾಣೆಬೆನ್ನೂರಿನವರು ಎರಡು ವರ್ಷದೊಳಗೆ ಎರಡನೆಯ ಸಲ ಶಾಸಕರನ್ನು ಆರಿಸಬೇಕಾಯಿತು. ಹದಿನೈದರಲ್ಲಿ ಹನ್ನೆರಡು ಬಿಜೆಪಿಗೆ ಹೋದವು. ಜನ ಒಪ್ಪಿದರಲ್ಲ, ಇನ್ನೇನು ತಕರಾರು ಎಂದು ಗೆದ್ದವರು ಕೇಳಿದರು. ಆ ಪ್ರಶ್ನೆಯನ್ನು ಹಗುರಾಗಿ ತಳ್ಳಿಹಾಕಲು ಬರುವುದಿಲ್ಲ. ಆಳುವ ಪಕ್ಷದ ಶಾಸಕನಿದ್ದರೆ ಕಾಲುವೆಗೆ, ರಸ್ತೆಗೆ ಹಣ ಬಂದೀತು ಎಂಬ ಲೆಕ್ಕ ಮತದಾರನಿಗೂ ಇರುತ್ತದೆ. ಮಹಾದಾಯಿ ನೀರಿಗಾಗಿ ವರ್ಷಗಟ್ಟಲೆ ಧರಣಿ ಕೂತ ನರಗುಂದದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಭಾರಿ ಬಹುಮತ ಕೊಟ್ಟುಬಿಟ್ಟರೆ ಈ ರಗಳೆ ತಪ್ಪೀತೇ ಎಂದು ಕೇಳುವವರಿದ್ದಾರೆ. 2023ರಲ್ಲಿ ಕಾಂಗ್ರೆಸ್ಸಿಗೆ 135 ಬಂದವು. ರೋಣ ಆ ಕಡೆ ಹೋಗಿ ಜಿ.ಎಸ್. ಪಾಟೀಲರನ್ನು ಆರಿಸಿತು, ನರಗುಂದ ಬಿಜೆಪಿಯ ಸಿ.ಸಿ. ಪಾಟೀಲರನ್ನೇ ಉಳಿಸಿಕೊಂಡಿತು. ಹೆಚ್ಚುವರಿ ತಲೆಗಳಿದ್ದಾಗ ಹೊರಗಿನಿಂದ ಸರ್ಕಾರ ಕೆಡವುವುದು ಕಷ್ಟ, ನಿಜ. ಆದರೆ ಜಗಳ ಆಗ ಒಳಮನೆಗೆ ಹೋಗುತ್ತದೆ. 1989ರ ಕೊನೆಗೆ ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾದಾಗ ಅವರ ಪಕ್ಷದ ಬಲ 178. ಮರುವರ್ಷ ಅಕ್ಟೋಬರಿನಲ್ಲಿ, ಅವರು ಕಾಯಿಲೆ ಬಿದ್ದಿದ್ದಾಗ, ನಾಯಕತ್ವ ಬದಲಾಗುತ್ತದೆ ಎಂದು ರಾಜೀವ್ ಗಾಂಧಿಯವರು ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಪತ್ರಕರ್ತರಿಗೆ ಹೇಳಿ ವಿಮಾನ ಹತ್ತಿದರು. ಒಂದು ವಾರ ರಾಷ್ಟ್ರಪತಿ ಆಳ್ವಿಕೆ, ಆಮೇಲೆ ಬಂಗಾರಪ್ಪ. ಯಾವ ಪತ್ರವನ್ನೂ ತಾಳೆ ನೋಡಲಿಲ್ಲ, ಯಾವ ಸಾಲನ್ನೂ ಎಬ್ಬಿಸಿ ನಿಲ್ಲಿಸಲಿಲ್ಲ.